ಕೋಲಾಟಕ್ಕೆ ಒಂದು ಬಾಯಿ ಬೇಕು

ಕಳೆದ ತಿಂಗಳು ನಮ್ಮ ಮಂಡಳಿಯ ಸಭೆಯಲ್ಲಿ ಜಾನಪದದ ಮಾತು ಬಂತು. ಬಂದೇ ಬರುತ್ತದೆ, ಕನ್ನಡ ವಿದ್ಯಾರ್ಥಿಗಳು ನಾಲ್ಕು ಜನ ಸೇರಿ ಚಹಾಕ್ಕೆ ಹೇಳಿದ ಕಡೆ, ಚಹಾಕ್ಕಿಂತ ಮೊದಲು ಜಾನಪದ ಅಳಿಯುತ್ತಿದೆ ಎಂಬ ಮಾತು ಬರುತ್ತದೆ. ಅಂದು ಗೆಳೆಯರೊಬ್ಬರು, "ಮಕ್ಕಳಿಗೆ ಕುಣಿತ ಕಲಿಸುವುದಕ್ಕೆ ಈಗ ಮೇಷ್ಟ್ರೇ ಬೇಡ ಮಾರಾಯ್ರೆ, ಯೂಟ್ಯೂಬು ಹಚ್ಚಿ ಎದುರಿಗೆ ನಿಲ್ಲಿಸಿದರೆ ಆಯಿತು, ಅವೇ ಕಲಿಯುತ್ತವೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಬೊರಿವಲಿ ಲೋಕಲ್ಲಿನಲ್ಲಿ ಎರಡು ಬೆನ್ನುಗಳ ನಡುವೆ ಸಿಕ್ಕಿಕೊಂಡು ಮನೆಗೆ ಬರುವಾಗ ನಕ್ಕದ್ದು ತಪ್ಪಾಯಿತು ಅನ್ನಿಸಿತು. ಏಕೆಂದರೆ ಅವರು ಹೇಳಿದ್ದನ್ನು ನಾನು ಮಾಡಿ ನೋಡಿದ್ದೇನೆ. ಎರಡು ವರ್ಷದ ಹಿಂದೆ, ನಮ್ಮದೇ ಬಿಲ್ಡಿಂಗಿನ ಟೆರೇಸಿನ ಮೇಲೆ. ಅದರಿಂದ ಆದದ್ದೇನು, ಆಮೇಲೆ ನಾನು ಮಾಡಿದ ತಪ್ಪೇನು ಎಂಬುದನ್ನು ಹೇಳಿಕೊಂಡು, ಜೊತೆಗೆ ನಿಮ್ಮನ್ನು ಒಂದು ಜಗಳಕ್ಕೂ ಕರೆಯೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಬೊರಿವಲಿ ಪಶ್ಚಿಮದಲ್ಲಿ. ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆಗಳು 11. 'ಕನ್ನಡದ ಮನೆ' ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಳು ಮನೆಗಳಲ್ಲಿ ಆಡುವುದು ತುಳು, ಎರಡರಲ್ಲಿ ಕುಂದಾಪುರದ ಕನ್ನಡ, ಒಂದರಲ್ಲಿ ಕೊಂಕಣಿ, ಉಳಿದೊಂದರಲ್ಲಿ ಮಂಡ್ಯ ಕಡೆಯ ಕನ್ನಡ. ಹೊರಗಿನವರ ಲೆಕ್ಕದಲ್ಲಿ ಎಲ್ಲರೂ 'ಶೆಟ್ಟಿ ಲೋಗ್'! ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಮ್ಮು. ಕೆಳಗೆ ಕಂಪೌಂಡಿನಲ್ಲಿ ಆಡುವುದು ಹಿಂದಿ, ಶಾಲೆಯ ಪುಸ್ತಕದಲ್ಲಿ ಮರಾಠಿ, ಎದುರು ಬಾಗಿಲಿನ ಮನೆಯಲ್ಲಿ ಗುಜರಾತಿ. ಕನ್ನಡ ಎಂದರೆ ಅವರಿಗೆ ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ ಬಸ್ಸಿನ ಬೋರ್ಡಿನ ಮೇಲೆ ಕಾಣುವ ದುಂಡು ದುಂಡು ಅಕ್ಷರ. ಇಂಥ ಮಕ್ಕಳಿಗೆ ಭಾನುವಾರ ಸಂಜೆ ಒಂದು ಗಂಟೆ ಕನ್ನಡ ಕಲಿಸುತ್ತೇನೆ ಅಂತ ಹೊರಟವ ನಾನು. ಮೊದಲ ವಾರ 14 ಮಕ್ಕಳು ಬಂದರು, ಎರಡನೇ ವಾರ ಒಂಬತ್ತು, ಮೂರನೇ ವಾರ ಮೂರು. ಆ ಮೂವರಲ್ಲಿ ಒಬ್ಬಳು ನನ್ನ ತಂಗಿ. 'ಅ ಆ ಇ ಈ'ಯಿಂದ ಏನೂ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಕೋಲಾಟ ಕಲಿಸೋಣ ಎಂಬ ಯೋಚನೆ ಬಂದದ್ದು.

ಕೋಲಾಟವೇ ಏಕೆ ಎಂದರೆ ಬೊರಿವಲಿಯ ಮಕ್ಕಳಿಗೆ ಕೋಲು ಹಿಡಿಯುವುದನ್ನು ಕಲಿಸಬೇಕಾಗಿಲ್ಲ. ನವರಾತ್ರಿ ಬಂತೆಂದರೆ ಇಲ್ಲಿ ಕೋಲು ಹಿಡಿಯದ ಕೈಯಿಲ್ಲ. ಟಿಕೆಟು ಇಟ್ಟು ಸಾವಿರಗಟ್ಟಲೆ ಜನ ಕುಣಿದ ಕೋರಾ ಕೇಂದ್ರದ ಮೈದಾನ ನಮ್ಮಲ್ಲೇ ಇದೆ. ಅಲ್ಲಿಗೆ ಹೋಗಲಾಗದ ಮಕ್ಕಳು ಸೊಸೈಟಿಯ ಕಂಪೌಂಡಿನಲ್ಲಿ, ನಿಂತ ಕಾರುಗಳ ನಡುವೆ, ದಾಂಡಿಯಾ ಆಡುತ್ತವೆ. ಹಾಗಾಗಿ ಹೊಸಬರಿಗೆ ಮೊದಲು ಹೇಳಿಕೊಡಬೇಕಾದ ಕೆಲಸ, ಅಂದರೆ ಕೋಲನ್ನು ಬಿಗಿ ಹಿಡಿಯದೆ ಸಡಿಲ ಬಿಡುವುದು, ಎದುರಿನವರ ಬೆರಳಿಗೆ ಹೊಡೆಯದಿರುವುದು, ಇಲ್ಲಿ ಮೊದಲೇ ಮುಗಿದಿತ್ತು. ಮನೆಮನೆಯ ಅಟ್ಟದಿಂದ ಬಣ್ಣದ ಬಟ್ಟೆ ಸುತ್ತಿದ ದಾಂಡಿಯಾ ಕೋಲುಗಳು ಇಳಿದವು. ಒಂದು ಪೈಸೆ ಖರ್ಚಿಲ್ಲ.

ಖರ್ಚಿಲ್ಲದ ಇನ್ನೊಂದು ಉಪಾಯವೇ ಫೋನು. ಒಳ್ಳೆಯ ಕೋಲಾಟದ ಒಂದು ವಿಡಿಯೋ ಹುಡುಕಿ, ನೀರಿನ ಟಾಂಕಿಯ ಕಟ್ಟೆಯ ಮೇಲೆ ಒಂದು ಲ್ಯಾಪ್‌ಟಾಪು, ಪಕ್ಕದಲ್ಲಿ ಬ್ಲೂಟೂತ್ ಸ್ಪೀಕರು ಇಟ್ಟು ಶುರು ಮಾಡಿದೆ. ಆದದ್ದು ಇಷ್ಟು. ಪರದೆಯಲ್ಲಿ ಕುಣಿಯುವವರು ನಮಗೆ ಎದುರಾಗಿರುವುದರಿಂದ ಅವರ ಎಡ ನಮ್ಮ ಬಲ; ಅರ್ಧ ಮಕ್ಕಳು ಒಂದು ಕಡೆ, ಅರ್ಧ ಮಕ್ಕಳು ಇನ್ನೊಂದು ಕಡೆ. ಹಾಡು ಯಾರಿಗೂ ಕಾಯುವುದಿಲ್ಲ. ಒಂದು ಹುಡುಗ ಒಂದು ಏಟು ತಪ್ಪಿದನೆಂದರೆ ಆ ಹಾಡು ಮುಗಿಯುವ ತನಕ ತಪ್ಪಿದನೆಂದೇ ಲೆಕ್ಕ; ಮತ್ತೆ ಸೇರಿಕೊಳ್ಳುವುದಕ್ಕೆ ಸಂದೇ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಎಲ್ಲರ ಕಣ್ಣೂ ಪರದೆಯ ಮೇಲೆ. ಕೋಲಾಟದಲ್ಲಿ ಕಣ್ಣು ಇರಬೇಕಾದ್ದು ಎದುರಿನ ಜೋಡಿಯ ಮೇಲೆ. ಕಣ್ಣು ತಪ್ಪಿದರೆ ಕೋಲು ತಪ್ಪುತ್ತದೆ, ಕೋಲು ತಪ್ಪಿದರೆ ಬೆರಳಿಗೆ ಬೀಳುತ್ತದೆ. ಬಿತ್ತು. ಮೂರನೇ ಇಯತ್ತೆಯ ಹುಡುಗಿಯೊಬ್ಬಳ ಬೆರಳು ಬಾತುಕೊಂಡು ಅವಳ ಅಮ್ಮನಿಂದ ನನಗೆ ತುಳುವಿನಲ್ಲಿ ಸಹಸ್ರನಾಮಾರ್ಚನೆಯಾಯಿತು.

ಆ ಹೊತ್ತಿಗೆ ಮೆಣಸಿನಕಾಯಿ ಒಣಹಾಕಲು ಟೆರೇಸಿಗೆ ಬಂದವರು ಮಂಡ್ಯದ ಮನೆಯ ಅಜ್ಜಿ. ನಮ್ಮ ಕುಣಿತವನ್ನು ಸ್ವಲ್ಪ ಹೊತ್ತು ನೋಡಿದರು. ನನ್ನನ್ನು ಕರೆದು ಸ್ಪೀಕರಿನ ಕಡೆ ಕೈ ತೋರಿಸಿ, "ಬಾಯೇ ಇಲ್ದೆ ಕೋಲ್ ಆಡದ್ ಹೆಂಗ್ಲಾ ಮಗ?" ಅಂದರು. "ಹಾಡು ಬರ್ತಾ ಇದೆಯಲ್ಲ ಅಜ್ಜಿ" ಅಂದೆ. "ಅದು ಹಾಡ್ತದೆ. ಹೇಳ್ಕೊಡಕಿಲ್ಲ" ಅಂದರು.

ಅವರ ಅಪ್ಪ ಊರಿನ ಕೋಲಾಟದ ಮೇಳದಲ್ಲಿ ಮುಂದೆ ನಿಂತು ಹಾಡು ಎತ್ತುತ್ತಿದ್ದವರಂತೆ. ಮುಂದಿನವರು ಒಂದು ಸಾಲು ಹೇಳಿದರೆ ಉಳಿದವರು ಸೊಲ್ಲು ಹಿಡಿಯುವುದು, ಹಾಡಿನ ನಡುವೆಯೇ ಮುಂದಿನವರು ಒಂದು ಕೂಗು ಹಾಕಿದರೆ ಕುಣಿತ ಬದಲಾಗುವುದು. ಆ ಊರಲ್ಲಿ ಆಗ ಕೋಲು ಹಿಡಿಯುತ್ತಿದ್ದವರು ಗಂಡಸರು ಮಾತ್ರ. ಅಜ್ಜಿ ಜಗಲಿಯ ಮೇಲೆ ಕೂತು ನೋಡಿದವರು. ಹಾಡುಗಳೆಲ್ಲ ಬಾಯಿಗೆ ಬಂದಿದ್ದವು, ಕೈಗೆ ಕೋಲು ಬರಲಿಲ್ಲ. ಎಪ್ಪತ್ತು ದಾಟಿದ ಮೇಲೆ, ಬೊರಿವಲಿಯ ಟೆರೇಸಿನ ಮೇಲೆ, ಗುಜರಾತಿ ಅಂಗಡಿಯಿಂದ ತಂದ ದಾಂಡಿಯಾ ಕೋಲನ್ನು ಮೊದಲ ಸಲ ಹಿಡಿದರು. (ನಮ್ಮ ಶಾಲಾ ವಾರ್ಷಿಕೋತ್ಸವಗಳಲ್ಲಿ ಕೋಲಾಟ ಎಂದರೆ ಹುಡುಗಿಯರಿಗೆ, ಹುಡುಗರಿಗೆ ಡೊಳ್ಳು ಎಂದು ಹಂಚಿಬಿಡುವ ಟೀಚರುಗಳು ಇದನ್ನು ಓದಲಿ ಎಂದು ಆಸೆ.)

ಅಂದಿನಿಂದ ಸ್ಪೀಕರು ಕೆಳಗಿಳಿಯಿತು. ಅಜ್ಜಿ ಹಾಡು ಎತ್ತುವುದು, ಮಕ್ಕಳು ಸೊಲ್ಲು ಹಿಡಿಯುವುದು, ಕೂಗು ಹಾಕುವ ಕೆಲಸ ನನ್ನದು. ಇಲ್ಲಿಂದಲೇ ನನ್ನ ನಿಜವಾದ ಪಾಠ ಶುರುವಾದದ್ದು. ಕುಣಿತಕ್ಕೆ ಕೂಗು ಹಾಕುವುದು ನಾನು ಎಣಿಸಿದಂತೆ ಗಂಟಲಿನ ಕೆಲಸವಲ್ಲ, ಲೆಕ್ಕದ ಕೆಲಸ.

ನಾವು ಹೊಸಬರಿಗೆ ಇಟ್ಟುಕೊಂಡ ವರಸೆ ಬಹಳ ಸರಳ. ಒಂದಕ್ಕೆ ತನ್ನ ಕೋಲು ತನಗೆ, ಎರಡಕ್ಕೆ ಬಲಗೋಲು ಎದುರಿನವರ ಬಲಗೋಲಿಗೆ, ಮೂರಕ್ಕೆ ಮತ್ತೆ ತನಗೆ, ನಾಲ್ಕಕ್ಕೆ ಎಡಗೋಲು ಎಡಗೋಲಿಗೆ. ಹೀಗೆ ಎರಡು ಸಲ, ಒಟ್ಟು ಎಂಟು ಏಟು. ಎಂಟಾದ ಮೇಲೆ ಏನಾದರೂ ಒಂದು ಬದಲಾವಣೆ: ತಿರುಗುವುದು, ಒಳಗೆ ಬರುವುದು, ಕೂರುವುದು, ಜೋಡಿ ಬದಲಿಸುವುದು. ನಾನು ಮೊದಲು ಮಾಡುತ್ತಿದ್ದದ್ದು ಏನೆಂದರೆ, ಎಂಟನೇ ಏಟು ಬಿದ್ದ ಕೂಡಲೇ "ತಿರುಗು" ಅನ್ನುವುದು. ಮಾತು ಕಿವಿಗೆ ಬಿದ್ದು ಕಾಲಿಗೆ ಇಳಿಯುವುದರೊಳಗೆ ಮುಂದಿನ ಎರಡು ಏಟು ಹೋಗಿರುತ್ತಿತ್ತು. ಆರನೆಯದಕ್ಕೆ ಕೂಗಿದರೆ ದೊಡ್ಡ ಮಕ್ಕಳಿಗೆ ಸರಿಹೋಗುತ್ತದೆ. ಆರು ವರ್ಷದವರಿಗೆ ಐದನೆಯದಕ್ಕೇ ಕೂಗಬೇಕು. ಅಂದರೆ ಕೂಗುವವನು ಕುಣಿಯುವವರಿಗಿಂತ ಯಾವಾಗಲೂ ಸ್ವಲ್ಪ ಮುಂದೆ ಇರಬೇಕು. ಅವರು ಈಗ ಏನು ಮಾಡುತ್ತಿದ್ದಾರೆ ಎಂಬುದನ್ನು ಬಿಟ್ಟು ಇನ್ನು ಏನು ಮಾಡಬೇಕು ಎಂಬುದರಲ್ಲಿ ಬದುಕಬೇಕು. ನನ್ನಂಥವನಿಗೆ ಇದು ಕಷ್ಟ. ಪರೀಕ್ಷೆಗೇ ಅಷ್ಟು ಮುಂಚೆ ಯೋಚಿಸಿದವನಲ್ಲ.

ಮಾತಿನ ಉದ್ದವೂ ಮುಖ್ಯ. "ಈಗ ಎಲ್ಲರೂ ಬಲಗಡೆಗೆ ತಿರುಗಿಕೊಳ್ಳಿ" ಎಂಬುದು ಸುಂದರವಾದ ವಾಕ್ಯ, ಕುಣಿತಕ್ಕೆ ದಂಡ. ಎರಡು ಮೂರು ಅಕ್ಷರಕ್ಕಿಂತ ಹೆಚ್ಚು ಇರಬಾರದು. ತಿರುಗು. ಒಳಗೆ. ಹೊರಗೆ. ಕೂರು. ಬಿಡು. ಕನ್ನಡದಲ್ಲಿ ಎರಡು ಮೂರು ಅಕ್ಷರದ ಕ್ರಿಯಾಪದಗಳು ಎಷ್ಟು ಗಟ್ಟಿಯಾಗಿವೆ ಎಂದು ನನಗೆ ಗೊತ್ತಾದದ್ದು ಕೇಶಿರಾಜನಿಂದಲ್ಲ, ಆ ಟೆರೇಸಿನ ಮೇಲೆ.

ಇನ್ನು ಮಾತಿನ ಅರ್ಥದ ಕಥೆ ಕೇಳಿ. ಮೊದಲು ಸುಲಭವಾಗಲಿ ಅಂತ 'ಲೆಫ್ಟ್, ರೈಟ್' ಅನ್ನುತ್ತಿದ್ದೆ. ಅಜ್ಜಿ ಬೈದರು. ಸರಿ ಅಂತ ಒಂದು ಭಾನುವಾರ, "ಎಡ" ಎಂದು ಜೋರಾಗಿ ಕೂಗಿದೆ. ಕುಣಿತ ನಿಂತು ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಗತೊಡಗಿದವು. ಮುಂಬಯಿ ಹಿಂದಿಯಲ್ಲಿ 'ಯೇಡಾ' ಅಂದರೆ ಹುಚ್ಚ. ಅಂಕಲ್ ಯಾರಿಗೆ ಹುಚ್ಚ ಅಂದರು ಎಂಬುದೇ ಅವರ ಚರ್ಚೆ. "ಬಲ" ಎಂದಾಗ ಆದದ್ದು ಬೇರೆ. ಹಿಂದಿಯಲ್ಲಿ ಬಲ ಅಂದರೆ ಶಕ್ತಿ (ನಮ್ಮಲ್ಲೂ ಅಲ್ಲವೇ?). ಒಬ್ಬ ಹುಡುಗ ಶಕ್ತಿಯೆಲ್ಲ ಹಾಕಿ ಎದುರಿನವನ ಕೋಲಿಗೆ ಬಾರಿಸಿದ. ಕೋಲು ಮುರಿದು ಅರ್ಧ ತುಂಡು ಪಕ್ಕದ ಬಿಲ್ಡಿಂಗಿಗೆ ಹೋಯಿತು. ಅದನ್ನು ತರಲು ನಾನು ಹೋದದ್ದು, ಅಲ್ಲಿನ ವಾಚ್‌ಮನ್ನಿಗೆ ಕೋಲಾಟದ ವಿವರಣೆ ಕೊಟ್ಟದ್ದು ಬೇರೆಯೇ ಲೇಖನವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಫಜೀತಿ 'ಏಳು'. ಕೂತು ಕೋಲು ಹೊಡೆಯುವ ವರಸೆಯಲ್ಲಿ ಮಕ್ಕಳಿಗೆ ಲೆಕ್ಕ ತಪ್ಪಬಾರದೆಂದು ಕನ್ನಡದಲ್ಲೇ ಎಣಿಸುತ್ತಿದ್ದೆ. ಐದು, ಆರು, ಏಳು ಎಂದ ಕೂಡಲೇ ಎಲ್ಲರೂ ಎದ್ದು ನಿಂತರು! ತಪ್ಪು ಅವರದಲ್ಲ. ಹಿಂದಿನ ವಾರವಷ್ಟೇ 'ಏಳು' ಅಂದರೆ ಎದ್ದು ನಿಲ್ಲಬೇಕು ಎಂದು ಕಲಿಸಿದ್ದೆ. ಪಿ.ಯು.ಸಿ.ಯಲ್ಲಿ ನಾನಾರ್ಥ ಪದಗಳ ಪಟ್ಟಿ ಬರೆದು ಎರಡು ಅಂಕ ತಗೊಂಡವನಿಗೆ ನಾನಾರ್ಥದ ಅರ್ಥ ಅಂದು ತಿಳಿಯಿತು. ಈಗ ನಾವು ಏಳುವುದಕ್ಕೆ "ಮೇಲೆ" ಅನ್ನುತ್ತೇವೆ. ಆದರೆ ಎಂಟು ವರ್ಷದ ಮಕ್ಕಳು ಈಗಲೂ ಬೇಕೆಂದೇ ಏಳಕ್ಕೆ ಎದ್ದು ನಿಂತು ನನ್ನನ್ನು ಗೋಳು ಹೊಯ್ದುಕೊಳ್ಳುತ್ತವೆ. ಭಾಷೆಯೊಂದರಲ್ಲಿ ತಮಾಷೆ ಮಾಡುವ ಮಟ್ಟಕ್ಕೆ ಬಂದವಲ್ಲ, ನನಗೆ ಅದಕ್ಕಿಂತ ಹೆಚ್ಚು ಏನು ಬೇಕು? ಎಡ ಯಾವುದು ಎಂಬುದನ್ನಂತೂ ಅವು ಜನ್ಮದಲ್ಲಿ ಮರೆಯಲಾರವು.

ಕೂಗುವವನು ಎಲ್ಲಿ ನಿಲ್ಲಬೇಕು ಎಂಬುದು ಇನ್ನೊಂದು ಪ್ರಶ್ನೆ. ನಡುವೆ ನಿಂತರೆ ಅರ್ಧ ಮಕ್ಕಳಿಗೆ ಬೆನ್ನು. ಹೊರಗೆ ನಿಂತರೆ ಡ್ರಿಲ್ ಮಾಸ್ತರ. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಬೊರಿವಲಿಯಲ್ಲೇ, ರೈಲು ಹಳಿಯ ಆಚೆ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ನಾವೆಲ್ಲ ಕಾನ್ಹೇರಿ ಗವಿ ನೋಡಲು ಹೋಗುತ್ತೇವೆ, ಫೋಟೋ ತೆಗೆದುಕೊಂಡು ಬರುತ್ತೇವೆ. ಆ ಕಾಡಿನೊಳಗೆ ವಾರ್ಲಿಗಳ ಪಾಡಾಗಳಿವೆ ಎಂಬುದು ಎಷ್ಟು ಜನರಿಗೆ ಗೊತ್ತು? ಅವರ ತಾರ್ಪಾ ಕುಣಿತವನ್ನು ಚಿತ್ರದಲ್ಲಾದರೂ ನೀವು ನೋಡಿರುತ್ತೀರಿ. ಜಿವ್ಯಾ ಸೋಮಾ ಮಾಶೆ (1934–2018) ಅವರಿಂದಾಗಿ ಜಗತ್ತಿಗೆಲ್ಲ ಪರಿಚಯವಾದ ಆ ಬಿಳಿ ಗೆರೆಯ ಚಿತ್ರಗಳಲ್ಲಿ ಸುರುಳಿ ಸುತ್ತಿಕೊಂಡು ಕುಣಿಯುವ ಜನರ ನಡುವೆ ಒಬ್ಬ ಉದ್ದನೆಯ ವಾದ್ಯ ಊದುತ್ತಿರುತ್ತಾನೆ. ಅದೇ ತಾರ್ಪಾ. ಒಣಗಿದ ಸೋರೆಬುರುಡೆ, ಬಿದಿರು ಸೇರಿಸಿ ಮಾಡಿದ್ದು. ಗೆಳೆಯನೊಬ್ಬನ ಜೊತೆ ಹೋಗಿ ಒಮ್ಮೆ ಆ ಕುಣಿತ ನೋಡಿದೆ. ಊದುವವನು ಸ್ವರ ಬದಲಿಸಿದರೆ ಸಾಲಿನ ಮುಂದಾಳು ದಿಕ್ಕು ಬದಲಿಸುತ್ತಾನೆ, ಉಳಿದವರು ಅವನ ಹಿಂದೆ. ಯಾರೂ ತಾರ್ಪಾಕ್ಕೆ ಬೆನ್ನು ಹಾಕುವುದಿಲ್ಲ. ಊದುವವನೂ ಕಂಬದಂತೆ ನಿಂತಿರುವುದಿಲ್ಲ. ಅವನೂ ನಡೆಯುತ್ತಾನೆ, ಅವನೂ ಕುಣಿತದಲ್ಲಿದ್ದಾನೆ. ಚಿಕ್ಕ ಮಕ್ಕಳು ಸಾಲಿನ ತುದಿಯಲ್ಲಿ ಅಕ್ಕನ ಕೈ ಹಿಡಿದು ಜೋತಾಡಿಕೊಂಡೇ ಕಲಿಯುತ್ತವೆ. ನೋಡಲು ಬಂದ ನಾವಿಬ್ಬರೇ ಅಲ್ಲಿ ಕೆಲಸವಿಲ್ಲದವರಾಗಿ ಕಂಡೆವು. ಮರುವಾರದಿಂದ ನಾನೂ ಎರಡು ಕೋಲು ಹಿಡಿದು ಸುತ್ತಿನಲ್ಲಿ ಒಬ್ಬನಾಗಿ ನಿಂತು, ಅಲ್ಲಿಂದಲೇ ಕೂಗತೊಡಗಿದೆ.

ನಮ್ಮವರಿಗೆ ಇದು ಹೊಸದೇನಲ್ಲ. ಯಕ್ಷಗಾನದ ಭಾಗವತರು ಮಾಡುವುದೇನು? ವೇಷಧಾರಿಯನ್ನು ಹಾಡಿನಿಂದಲೇ ಕುಣಿಸುವುದು. ಎಷ್ಟು ಹೊತ್ತು ಕುಣಿಯಬೇಕು, ಎಲ್ಲಿ ಮುಕ್ತಾಯ ಎಂಬುದು ಅವರ ಜಾಗಟೆಯಲ್ಲಿ, ತಾಳದಲ್ಲಿ ಇದೆ. ಹೆಜ್ಜೆ ಕಲಿಸುವುದೂ ಬಾಯಿತಾಳದಿಂದಲೇ. ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಪೂರ್ವರಂಗದ ಕೋಡಂಗಿ ವೇಷ. ಹಿಂದೆ ಮೇಳಕ್ಕೆ ಸೇರಿದ ಹುಡುಗರು ಮೊದಲು ಮಾಡುತ್ತಿದ್ದದ್ದು ಕೋಡಂಗಿ, ಆಮೇಲೆ ಬಾಲಗೋಪಾಲ. ರಾತ್ರಿಯ ಪ್ರಸಂಗ ಶುರುವಾಗುವ ಮೊದಲು, ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವಾಗ, ಕಡಲೆಕಾಯಿ ಕೊಳ್ಳುತ್ತಿರುವಾಗ, ಈ ಹುಡುಗರು ನಿಜವಾದ ರಂಗಸ್ಥಳದಲ್ಲಿ, ನಿಜವಾದ ಹಿಮ್ಮೇಳಕ್ಕೆ ಹೆಜ್ಜೆ ಹಾಕುತ್ತಿದ್ದರು. ತಪ್ಪಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಶಾಲೆ ಬೇರೆ ಇದೆಯೇ? ಈಗ ಆಟ ಮೂರು ಗಂಟೆಗೆ ಇಳಿದ ಕಡೆಯೆಲ್ಲ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಮುಂಬಯಿಯ ಹಾಲುಗಳಲ್ಲಂತೂ ಬಾಡಿಗೆಯ ಗಂಟೆ ಓಡುತ್ತಿರುತ್ತದೆ, ಕೋಡಂಗಿಗೆ ಎಲ್ಲಿಯ ಹೊತ್ತು? ಹೊಸ ಹುಡುಗ ಈಗ ನೇರ ಅಭಿಮನ್ಯುವಾಗಿಯೇ ಬರಬೇಕು. ಅಭಿಮನ್ಯುವಿನ ಗತಿ ನಿಮಗೆ ಗೊತ್ತೇ ಇದೆ.

ಹೊರದೇಶದ ಮಾತು ಬೇಕಾದರೆ ಅಮೆರಿಕದ ಚೌಕ ಕುಣಿತವಿದೆ. ನಾಲ್ಕು ಜೋಡಿ ಚೌಕವಾಗಿ ನಿಲ್ಲುತ್ತವೆ, ಕೂಗು ಹಾಕುವುದಕ್ಕೇ ಒಬ್ಬ ಇರುತ್ತಾನೆ, ಅವನ ಮಾತಿನಂತೆ ಉಳಿದವರು ಕುಣಿಯುತ್ತಾರೆ. ಮುಂದಿನ ವರಸೆ ಯಾವುದೆಂದು ಕುಣಿಯುವವರಿಗೆ ಗೊತ್ತಿರಬೇಕಾಗಿಲ್ಲ, ಕಿವಿ ಇದ್ದರೆ ಸಾಕು. ಆದ್ದರಿಂದ ಅಂದೇ ಬಂದವನೂ ಅಂದೇ ಕುಣಿಯಬಹುದು. ಅವರ ಕೂಗುಗಳಲ್ಲಿ 'ಡೋಸಿಡೋ' ಎಂದೊಂದಿದೆ. ನಮ್ಮ ಉಡುಪಿ ಹೋಟೆಲಿನ ದೋಸೆಗೂ ಅದಕ್ಕೂ ಸಂಬಂಧವಿಲ್ಲ. 'ಬೆನ್ನಿಗೆ ಬೆನ್ನು' ಎಂಬ ಫ್ರೆಂಚ್ ಮಾತು ಹಳ್ಳಿಗರ ಬಾಯಲ್ಲಿ ಸವೆದು ಹಾಗಾಗಿದೆ. ಫ್ರೆಂಚಿನ ಗಂಧವೂ ಇಲ್ಲದವರ ಕಾಲುಗಳಿಗೆ ಇಂದಿಗೂ ಆ ಮಾತು ಅರ್ಥವಾಗುತ್ತದೆ! ನಮ್ಮ ದೇಶದಲ್ಲೇ ಬಂಗಾಳದ ಗುರುಸದಯ ದತ್ತರು, ಐ.ಸಿ.ಎಸ್. ಅಧಿಕಾರಿಯಾಗಿದ್ದವರು, 1932ರಲ್ಲಿ ಬ್ರತಚಾರಿ ಚಳವಳಿ ಶುರು ಮಾಡಿ ಹಳ್ಳಿಯ ಕುಣಿತಗಳನ್ನು ಶಾಲೆಯ ಮಕ್ಕಳಿಗೆ ತಂದರು. ಅಲ್ಲಿಯೂ ಕುಣಿಯುವ ಮಕ್ಕಳೇ ಹಾಡುವವರು.

ಇಷ್ಟೆಲ್ಲ ತಿಳಿದವನಂತೆ ಬರೆಯುತ್ತಿದ್ದೇನಲ್ಲ, ನಾನು ಮಾಡಿದ್ದೇನು ಕೇಳಿ. ಕಳೆದ ವರ್ಷ ಉಪನಗರದ ಒಂದು ಸಂಘದವರು ರಾಜ್ಯೋತ್ಸವಕ್ಕೆ ನಮ್ಮ ಮಕ್ಕಳಿಂದ ಒಂದು ಐಟಂ ಬೇಕೆಂದು ಕೇಳಿದರು. (ಮುಂಬಯಿಯಲ್ಲಿ ನವೆಂಬರ್ 1 ಎಂಬುದು ಹಾಲು ಸಿಗುವ ಯಾವುದಾದರೂ ಭಾನುವಾರ.) ಷರತ್ತುಗಳು ಮೂರು. ಆರು ನಿಮಿಷ ಮೀರಬಾರದು. ಹಾಡು ಪೆನ್‌ಡ್ರೈವಿನಲ್ಲಿ ತರಬೇಕು, ಮೈಕಿನವರಿಗೆ ತೊಂದರೆ ಬೇಡ. ವೇದಿಕೆ ಚಿಕ್ಕದು, 12 ಮಕ್ಕಳಿಗಿಂತ ಹೆಚ್ಚು ಬೇಡ. ಅವರ ಕಡೆಯಿಂದ ನೋಡಿದರೆ ಮೂರೂ ನ್ಯಾಯವೇ. ಅಂದು ವೇದಿಕೆಯ ಮೇಲೆ ಸನ್ಮಾನವೇ ಒಂಬತ್ತು ಇದ್ದವು. ನನಗೂ ಆಸೆಯಾಯಿತು. ಒಪ್ಪಿಕೊಂಡೆ. ಸಿನಿಮಾದವರು ಜನಪದ ಧಾಟಿಯಲ್ಲಿ ಮಾಡಿದ ಒಂದು ಹಾಡನ್ನು ಕತ್ತರಿಸಿ ಆರು ನಿಮಿಷಕ್ಕೆ ಕೂರಿಸಿದೆ. ಅಷ್ಟರಲ್ಲಿ ನಮ್ಮ ಸುತ್ತು 21 ಮಕ್ಕಳದ್ದಾಗಿತ್ತು. ಒಂಬತ್ತು ಮಕ್ಕಳನ್ನು ತೆಗೆಯಬೇಕು.

ತೆಗೆದವರಲ್ಲಿ ಒಬ್ಬ ಹತ್ತು ವರ್ಷದ ಹುಡುಗ. ಅವನ ಕೋಲು ಯಾವಾಗಲೂ ಅರ್ಧ ಏಟು ತಡ. ಆದರೆ ಅವನು ಕೂಗನ್ನು ಒಮ್ಮೆಯೂ ತಪ್ಪು ಕೇಳಿಸಿಕೊಂಡವನಲ್ಲ. ಉಳಿದವರು ಪಕ್ಕದವರನ್ನು ನೋಡಿ ತಿರುಗಿದರೆ ಇವನು ಮಾತು ಕೇಳಿ ತಿರುಗುತ್ತಿದ್ದ. ಸುತ್ತಿನಲ್ಲಿ ಅವನ ತಡ ಯಾರಿಗೂ ಲೆಕ್ಕವೇ ಆಗಿರಲಿಲ್ಲ. ಅಜ್ಜಿ ಅವನಿಗಾಗಿ ಹಾಡನ್ನು ಕೂದಲೆಳೆಯಷ್ಟು ಎಳೆಯುತ್ತಿದ್ದರು. ಪೆನ್‌ಡ್ರೈವು ಎಳೆಯುವುದಿಲ್ಲ. ಅವನಿಗೆ ಬೇಸರವಾಗದಿರಲಿ ಎಂದು ಹಳದಿ ಕೆಂಪು ಬಾವುಟ ಕೊಟ್ಟು ವೇದಿಕೆಯ ಮೂಲೆಯಲ್ಲಿ ನಿಲ್ಲಿಸಿದೆ. ಎಂಥ ಜಾಣತನ ನೋಡಿ.

ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಎಲ್ಲಿಯೂ ತಪ್ಪಲಿಲ್ಲ. ಚಪ್ಪಾಳೆ ಬಿತ್ತು, ಒಂದು ಶಾಲು ನನ್ನ ಹೆಗಲಿಗೂ ಬಂತು, ಮಕ್ಕಳಿಗೆ ಸ್ಟೀಲಿನ ಡಬ್ಬಿ. ಏನಾದರೂ ಕೆಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೋ ಏನೋ. ಮರುವಾರ ಟೆರೇಸಿಗೆ ಬಂದವರು 13. ತೆಗೆದ ಒಂಬತ್ತರಲ್ಲಿ ಒಬ್ಬಳು ಮಾತ್ರ ಬಂದಿದ್ದಳು. ಬಂದವರು, "ಗಾನಾ ಕಿಧರ್ ಹೈ?" ಎಂದು ಸ್ಪೀಕರು ಹುಡುಕಿದರು. ಅಜ್ಜಿ ಹಾಡು ಎತ್ತಿದರೆ ಸೊಲ್ಲು ಹಿಡಿಯಲು ಎರಡೇ ಬಾಯಿ. ಒಂದು ವರ್ಷ ಕಲಿಸಿದ್ದನ್ನು ಒಂದೂವರೆ ತಿಂಗಳ ರಿಹರ್ಸಲ್ಲು ಅಳಿಸಿಹಾಕಿತ್ತು. ಬಾವುಟ ಹಿಡಿದ ಹುಡುಗ ಆ ವಾರ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಅವನ ಅಮ್ಮನನ್ನು ಲಿಫ್ಟಿನಲ್ಲಿ ಕಂಡಾಗ ಕೇಳಿದೆ. "ಅವನಿಗೆ ಡ್ಯಾನ್ಸ್ ಬರುವುದಿಲ್ಲವಂತಲ್ಲ, ಈಗ ಫುಟ್‌ಬಾಲಿಗೆ ಹಾಕಿದ್ದೇವೆ" ಅಂದರು. ಯಾರು ಹೇಳಿದ್ದು ಬರುವುದಿಲ್ಲ ಅಂತ? ನಾನೇ. ಬಾಯಿ ಬಿಟ್ಟು ಹೇಳಿರಲಿಲ್ಲ, ಬಾವುಟ ಕೊಟ್ಟು ಹೇಳಿದ್ದೆ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಹೊಸಬರ ಕುಣಿತವನ್ನು ಮೊದಲ ಎರಡು ವರ್ಷ ವೇದಿಕೆಗೆ ಹತ್ತಿಸಬಾರದು. ಧ್ವನಿಮುದ್ರಿತ ಹಾಡಿಗೆ ಕುಣಿಸಬಾರದು. ಬಾಯಿ ಹಾಡಬೇಕು, ಬಾಯಿ ಕೂಗಬೇಕು, ಮತ್ತು ಕನ್ನಡದಲ್ಲೇ ಕೂಗಬೇಕು. ಸುತ್ತಿಗೆ ಬಂದವರನ್ನು ಲೆಕ್ಕ ಹೆಚ್ಚಾಯಿತೆಂದು ತೆಗೆಯಬಾರದು. ಸುತ್ತನ್ನು ದೊಡ್ಡದು ಮಾಡಬೇಕು.

ಇದರ ಜೊತೆಗೇ ಇನ್ನೊಂದು ಮಾತು, ಸ್ವಲ್ಪ ಖಾರದ್ದು. ಮಕ್ಕಳಿಗೆ ಎಲ್ಲ ಕುಣಿತವನ್ನೂ ಕಲಿಸಬಹುದು ಎಂದು ನನಗೆ ಅನ್ನಿಸುವುದಿಲ್ಲ. ಸಂಘಗಳಲ್ಲಿ ಕಂಸಾಳೆ ಮಾಡಿಸುತ್ತಾರೆ. ಕಂಸಾಳೆ ಮಲೆಯ ಮಹದೇಶ್ವರನ ಒಕ್ಕಲಿನವರು, ದೀಕ್ಷೆ ಪಡೆದ ದೇವರಗುಡ್ಡರು, ಹರಕೆಯಾಗಿ ಹಿಡಿದದ್ದು. ವೀರಗಾಸೆ ವೀರಭದ್ರನದು, ಡೊಳ್ಳು ಬೀರೇಶ್ವರನದು. ದೊಡ್ಡವರು ಅದರ ಹಿನ್ನೆಲೆ ತಿಳಿದು, ಆ ಜನರಿಂದಲೇ ಕಲಿತು ಆಡಿದರೆ ಬೇರೆ ಮಾತು. ಎರಡನೇ ಇಯತ್ತೆಯವನಿಗೆ ರಟ್ಟಿನ ಕತ್ತಿ, ಪ್ಲಾಸ್ಟಿಕ್ಕಿನ ಜಟೆ ಕಟ್ಟಿ ನಾಲ್ಕು ನಿಮಿಷ ವೀರಗಾಸೆ ಮಾಡಿಸುವುದು ಯಾರಿಗೆ ಗೌರವ? ಕೋಲಾಟ ಹಾಗಲ್ಲ. ಅದು ಯಾರ ಅಂಗಳಕ್ಕೂ ಬರುತ್ತದೆ. ಕೊಡಗಿನಲ್ಲಿ ಪುತ್ತರಿಗೆ ಮಂದಿನಲ್ಲಿ ಕೋಲಾಟ, ಬಯಲುಸೀಮೆಯಲ್ಲಿ ಹಬ್ಬ ಹುಣ್ಣಿಮೆಗೆ ಕೋಲಾಟ, ಗುಜರಾತಿನಲ್ಲಿ ಅದೇ ಎರಡು ಕೋಲು. ನಮ್ಮ ತುಳು ಮನೆಗಳ ಅಮ್ಮಂದಿರು ಮೊದಲು, "ಇದು ಘಟ್ಟದ ಮೇಲಿನವರದ್ದು, ನಮ್ಮದು ಯಕ್ಷಗಾನ" ಎಂದು ಮುಖ ಸಿಂಡರಿಸಿದ್ದರು. ಮೂರು ತಿಂಗಳಲ್ಲಿ ಅವರೇ ಸೆರಗು ಸಿಕ್ಕಿಸಿ ಸುತ್ತಿಗೆ ಬಂದರು.

ಹತ್ತು ಪದ ಕಲಿತರೆ ಕನ್ನಡ ಬಂತೇ ಎಂದು ನೀವು ಕೇಳಬಹುದು. ನಮ್ಮ ಪ್ರಾಧ್ಯಾಪಕರೊಬ್ಬರು ಕೇಳಿಯೇ ಕೇಳಿದರು. ಬರಲಿಲ್ಲ ಸಾರ್, ಖಂಡಿತಾ ಬರಲಿಲ್ಲ. ಈ ಮಕ್ಕಳು ಕುವೆಂಪು ಓದುತ್ತಾರೆ ಎಂಬ ಭ್ರಮೆ ನನಗಿಲ್ಲ. ಆದರೆ ಬೆರಳು ಬಾತಿದ ಆ ಹುಡುಗಿ ಈ ಮೇ ತಿಂಗಳಲ್ಲಿ ಕುಂದಾಪುರಕ್ಕೆ ಅಮ್ಮನ ಅಮ್ಮನ ಮನೆಗೆ ಹೋದಳಂತೆ. ಅಮ್ಮಮ್ಮ ಅಡುಗೆಮನೆಯಿಂದ, "ಒಳಗೆ ಬಾ" ಎಂದು ಕರೆದರಂತೆ. ಇವಳು ಎರಡು ಹೆಜ್ಜೆ ಮುಂದೆ ಜಿಗಿದು, ಕೈ ಎರಡೂ ಎತ್ತಿ, ಹೊಸಿಲಿನ ಒಳಗೆ ನಿಂತಳಂತೆ. ಅಮ್ಮಮ್ಮನಿಗೆ ಗಾಬರಿ, ಆಮೇಲೆ ವಿಷಯ ತಿಳಿದು, ಹೋಗುವವರೆಗೂ ದಿನಾ ಹತ್ತು ಸಲ ಒಳಗೆ ಹೊರಗೆ ಎಂದು ಅವಳನ್ನು ಕುಣಿಸಿ ಓಣಿಯವರಿಗೆಲ್ಲ ತೋರಿಸಿದರಂತೆ. ಹಿಂದಿನ ವರ್ಷ ಆ ಇಬ್ಬರ ನಡುವೆ ಆಡಲು ಒಂದು ಮಾತೂ ಇರಲಿಲ್ಲ. ಅನುವಾದ ಮಾಡಲು ಅಮ್ಮ ಬೇಕಿತ್ತು.

ಈಗ ಜಗಳದ ವಿಷಯ. ಈ ವರ್ಷ ಮತ್ತೆ ಅದೇ ಸಂಘದವರು ಐಟಂ ಕೇಳಿದ್ದಾರೆ. ನಮಗೆ ವೇದಿಕೆ ಬೇಡ ಎಂದು ಬರೆದಿದ್ದೇನೆ. ಸನ್ಮಾನಗಳೆಲ್ಲ ಮುಗಿದ ಮೇಲೆ, ಊಟಕ್ಕೆ ಮೊದಲು, ಹಾಲಿನ ಕುರ್ಚಿಗಳನ್ನು ಗೋಡೆಗೆ ಸರಿಸಿ ಅರ್ಧ ಗಂಟೆ ಕೊಡಿ. ಅಜ್ಜಿ ಹಾಡುತ್ತಾರೆ, ಮಕ್ಕಳು ಕೂಗುತ್ತಾರೆ, ಸಭಿಕರು ಕುಣಿಯಬೇಕು, ಅಧ್ಯಕ್ಷರೂ ಸೇರಿ. ಕೋಲು ನಾವೇ ತರುತ್ತೇವೆ. ಸಮಿತಿಯಲ್ಲಿ ಇದರ ಬಗ್ಗೆ ದೊಡ್ಡ ವಾದವಾಗಿದೆಯಂತೆ. ಬಾಡಿಗೆ ಕುರ್ಚಿ ಸರಿಸಿದರೆ ಮುರಿಯುತ್ತವೆ ಎಂಬುದು ಒಂದು ಪಕ್ಷ, ಗಣ್ಯರನ್ನು ಕುಣಿಸುವುದು ಸಭ್ಯತೆಯಲ್ಲ ಎಂಬುದು ಇನ್ನೊಂದು. ಉತ್ತರ ಇನ್ನೂ ಬಂದಿಲ್ಲ. ಬಂದರೆ ಕುರ್ಚಿ ಸರಿಸಲು ಎಂಟು ಹತ್ತು ಜನ ಬೇಕು, ನಮ್ಮ ಮಂಡಳಿಯವರು ಹೆಸರು ಕೊಡಬಹುದು. ಯೂಟ್ಯೂಬು ಸಾಕು ಎಂದ ಗೆಳೆಯರ ಹೆಸರನ್ನು ನಾನೇ ಮೊದಲು ಬರೆದುಕೊಂಡಿದ್ದೇನೆ. ಇನ್ನು ಆ ಫುಟ್‌ಬಾಲಿನ ಹುಡುಗ: ಕಳೆದ ಭಾನುವಾರ ಮೆಟ್ಟಿಲಲ್ಲಿ ಸಿಕ್ಕಿದ. ಈ ಸಲ ಕೂಗು ಹಾಕುವ ಕೆಲಸಕ್ಕೆ ಒಬ್ಬರು ಬೇಕು, ನಿನ್ನಷ್ಟು ಸರಿಯಾಗಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎಂದೆ. ಪ್ರಾಕ್ಟೀಸು ಎಷ್ಟು ಗಂಟೆಗೆ ಎಂದು ಕೇಳಿದ. ಐದಕ್ಕೆ ಎಂದೆ. ಫುಟ್‌ಬಾಲು ಆರಕ್ಕೆ ಮುಗಿಯುತ್ತದೆ ಅಂದ. ನಾವು ಆರೂಕಾಲಕ್ಕೆ ಮಾಡಿಕೊಂಡಿದ್ದೇವೆ.